ಪಿಯು ಕಾಂಬಿನೇಷನ್ ಆರಿಸುವ ಮುನ್ನ ರ‍್ಯಾಂಕಿನ ಲೆಕ್ಕ ತಿಳಿಯಿರಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಕಲಬುರಗಿ, ಬೀದರ್, ಯಾದಗಿರಿಯ ಪಿಯು ಕಾಲೇಜುಗಳಲ್ಲಿ ದಾಖಲಾತಿಯ ಗದ್ದಲ ಶುರುವಾಗುತ್ತದೆ. ಅರ್ಜಿಯಲ್ಲಿ ಕಾಂಬಿನೇಷನ್ ಬರೆಯಲು ಒಂದು ಖಾನೆ ಇರುತ್ತದೆ. ಗೆಳೆಯ ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್) ಅಂದ, ಅಕ್ಕ ಪಿಸಿಎಂಬಿ (ಕಂಪ್ಯೂಟರ್ ಬದಲು ಜೀವಶಾಸ್ತ್ರ) ಓದಿದ್ದಳು, ಕೌಂಟರಿನಲ್ಲಿದ್ದವರು ‘ಇದರಲ್ಲಿ ಸೀಟು ಉಳಿದಿವೆ’ ಅಂದರು, ಅಷ್ಟಕ್ಕೇ ಖಾನೆ ತುಂಬಿಬಿಡುತ್ತದೆ. ಎರಡು ವರ್ಷದ ನಂತರ ಯಾವ ಕೋರ್ಸಿಗೆ ಅರ್ಜಿ ಹಾಕಬಹುದು, ಯಾವುದಕ್ಕೆ ಹಾಕಲು ಬರುವುದೇ ಇಲ್ಲ ಎಂಬುದು ಮಾತ್ರ ಆ ಖಾನೆಯಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ.

ಸೀಟು ಹಂಚುವ ಪ್ರತಿ ಪರೀಕ್ಷೆಯೂ ಪಿಯು ಅಂಕಗಳನ್ನು ಬೇರೆ ಬೇರೆ ರೀತಿ ನೋಡುತ್ತದೆ. ಒಂದು ಅರ್ಧ ತೂಕ ಕೊಡುತ್ತದೆ, ಇನ್ನೊಂದು ಅರ್ಹತೆಗೆ ಮಾತ್ರ ನೋಡಿ ಪಕ್ಕಕ್ಕಿಡುತ್ತದೆ, ಮತ್ತೊಂದು ಭಾಷೆಯ ಅಂಕವನ್ನೂ ಕೂಡಿಸುತ್ತದೆ. ಈ ತೂಕಗಳು ಆಗಾಗ ಬದಲಾಗುತ್ತವೆ. ಕೆಲವೊಮ್ಮೆ ವಿದ್ಯಾರ್ಥಿ ಓದುತ್ತಿರುವಾಗಲೇ ಬದಲಾಗುತ್ತವೆ. ಆದ್ದರಿಂದ ‘ಯಾವ ವಿಷಯ ಸುಲಭ’ ಎಂದು ಕೇಳುವ ಮೊದಲು ‘ನನಗೆ ಬೇಕಾದ ಸೀಟಿಗೆ ಯಾವ ವಿಷಯದ ಅಂಕ ಎಷ್ಟು ತೂಗುತ್ತದೆ’ ಎಂದು ಕೇಳಬೇಕು.

ಸಿಇಟಿ: ಅರ್ಧ ಇಲ್ಲಿ, ಅರ್ಧ ಅಲ್ಲಿ

ನಮ್ಮ ಭಾಗದಲ್ಲಿ ವಿಜ್ಞಾನ ಓದುವವರಲ್ಲಿ ಹೆಚ್ಚಿನವರು ಬರೆಯುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಪ್ರತಿ ವಿಷಯಕ್ಕೂ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್ ಕಟ್ಟುವಾಗ ಸಿಇಟಿಯ ಪಿಸಿಎಂ ಅಂಕಗಳಿಗೆ (180ಕ್ಕೆ) ಶೇ 50, ದ್ವಿತೀಯ ಪಿಯು ಪಿಸಿಎಂ ಅಂಕಗಳಿಗೆ (300ಕ್ಕೆ) ಶೇ 50 ತೂಕ.

‘ಸಮಪಾಲು’ ಎಂದು ಕೇಳಿದ ಕೂಡಲೇ ಎರಡೂ ಕಡೆಯ ಒಂದು ಅಂಕಕ್ಕೆ ಒಂದೇ ಬೆಲೆ ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. 180 ಅಂಕ 50 ಪಾಯಿಂಟ್ ಆಗುವುದರಿಂದ ಸಿಇಟಿಯ ಒಂದು ಪ್ರಶ್ನೆಗೆ 0.278 ಪಾಯಿಂಟ್. 300 ಅಂಕ 50 ಪಾಯಿಂಟ್ ಆಗುವುದರಿಂದ ಪಿಯುವಿನ ಒಂದು ಅಂಕಕ್ಕೆ 0.167 ಪಾಯಿಂಟ್. ಅಂದರೆ ಸಿಇಟಿಯಲ್ಲಿ 3 ಸರಿ ಉತ್ತರ ಪಿಯುವಿನ 5 ಅಂಕಕ್ಕೆ ಸಮ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಲೆಕ್ಕಕ್ಕೆ ಇಬ್ಬರನ್ನು ಊಹಿಸಿಕೊಳ್ಳೋಣ. ಜೇವರ್ಗಿಯ ಹುಡುಗಿಗೆ ಪಿಯು ಪಿಸಿಎಂನಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 72. ಪಿಯು ಶೇ 95, ಅದರ ಅರ್ಧ 47.5. ಸಿಇಟಿ ಶೇ 40, ಅದರ ಅರ್ಧ 20. ಒಟ್ಟು 67.5. ಸೇಡಂನ ಹುಡುಗನಿಗೆ ಪಿಯುನಲ್ಲಿ 234, ಸಿಇಟಿಯಲ್ಲಿ 108. ಶೇ 78ರ ಅರ್ಧ 39, ಶೇ 60ರ ಅರ್ಧ 30, ಒಟ್ಟು 69. ಪಿಯುನಲ್ಲಿ 51 ಅಂಕ ಹಿಂದಿದ್ದವನು ರ‍್ಯಾಂಕ್ ಪಟ್ಟಿಯಲ್ಲಿ ಮುಂದೆ ಬಂದ. ಓದುವ ಮಕ್ಕಳ ಪಿಯು ಅಂಕಗಳು ಒತ್ತೊತ್ತಾಗಿ ಮೇಲೆಯೇ ಇರುತ್ತವೆ. ಸಿಇಟಿ ಅಂಕಗಳು ಚದುರಿ ಬೀಳುತ್ತವೆ. ತೂಕ ಸಮ ಇದ್ದರೂ ಅಂತರ ಹುಟ್ಟುವುದು ಚದುರಿದ ಕಡೆಯೇ.

ಹಾಗೆಂದು ಪಿಯು ಕಡೆಗಣಿಸಿದರೆ ಏನಾಗುತ್ತದೆ? 2023-24ನೇ ಸಾಲಿನಿಂದ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೂ 20 ಅಂಕ ಆಂತರಿಕ ಮೌಲ್ಯಮಾಪನ ಬಂದಿದೆ. ಗಣಿತ ಈಗ 80 ಲಿಖಿತ, 20 ಆಂತರಿಕ. ಭೌತ ಮತ್ತು ರಸಾಯನಶಾಸ್ತ್ರ ತಲಾ 70 ಲಿಖಿತ, 30 ಪ್ರಾಯೋಗಿಕ. ಪಿಸಿಎಂನ 300ರಲ್ಲಿ 80 ಅಂಕ ಲ್ಯಾಬು, ಕಿರುಪರೀಕ್ಷೆ, ಪ್ರಾಜೆಕ್ಟುಗಳಲ್ಲೇ ಇದೆ. ರ‍್ಯಾಂಕಿನ ಭಾಷೆಯಲ್ಲಿ ಅದು 13.3 ಪಾಯಿಂಟ್, ಅಂದರೆ ಸಿಇಟಿಯ 48 ಪ್ರಶ್ನೆಗಳ ಬೆಲೆ. ಟೈಟ್ರೇಷನ್ ಒಮ್ಮೆಯೂ ಕೈಯಾರೆ ಮಾಡದೆ, ರೆಕಾರ್ಡನ್ನು ಕೊನೆಯ ವಾರ ನಕಲು ಮಾಡಿ ಲ್ಯಾಬಿಗೆ ಹೋದ ವಿದ್ಯಾರ್ಥಿ 30ಕ್ಕೆ 24 ತಂದರೆ ಕಳೆದದ್ದು ಪೂರ್ತಿ 1 ಪಾಯಿಂಟ್. ಅದನ್ನು ಸಿಇಟಿಯಲ್ಲಿ ಮರಳಿ ಗಳಿಸಲು ಸುಮಾರು 4 ಪ್ರಶ್ನೆ ಹೆಚ್ಚು ಸರಿ ಮಾಡಬೇಕು. ಬ್ಯೂರೆಟ್ ಹಿಡಿದು ಮೂರು ಬಾರಿ ಒಂದೇ ಓದು ಬರುವ ತನಕ ಅಭ್ಯಾಸ ಮಾಡುವುದು ಅದಕ್ಕಿಂತ ಎಷ್ಟೋ ಸುಲಭ.

ಕಾಲೇಜು ಆರಿಸುವಾಗಲೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಲ್ಯಾಬು ನಿಜಕ್ಕೂ ನಡೆಯುತ್ತದೆಯೇ, ಗಣಿತಕ್ಕೆ ವರ್ಷವಿಡೀ ಉಪನ್ಯಾಸಕರಿದ್ದಾರೆಯೇ ಅಥವಾ ಅತಿಥಿ ಉಪನ್ಯಾಸಕರು ಬರುವವರೆಗೆ ತಿಂಗಳುಗಟ್ಟಲೆ ತರಗತಿ ಖಾಲಿ ಇರುತ್ತದೆಯೇ ಎಂಬುದನ್ನು ಈಗ ದ್ವಿತೀಯ ವರ್ಷದಲ್ಲಿ ಓದುತ್ತಿರುವವರನ್ನೇ ಕೇಳಿ. ಗೋಡೆಯ ಮೇಲಿನ ಬ್ಯಾನರ್ ಇದನ್ನು ಹೇಳುವುದಿಲ್ಲ.

ಇನ್ನೊಂದು ಮಾತು. ಸಿಇಟಿ ಪಠ್ಯದಲ್ಲಿ ಪ್ರಥಮ ಪಿಯು ಅಧ್ಯಾಯಗಳೂ ಇವೆ. ಪ್ರಥಮ ಪಿಯು ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಆದರೆ ಆ ವರ್ಷದ ಪಾಠದ ಮೇಲೆ ಪ್ರಶ್ನೆ ಬರುತ್ತದೆ. ‘ಪ್ರಥಮ ಪಿಯು ಪಾಸಾದರೆ ಸಾಕು’ ಎಂಬ ಮಾತು ಹಳ್ಳಿಹಳ್ಳಿಯಲ್ಲೂ ಇದೆ. ಸಿಇಟಿ ಫಲಿತಾಂಶ ಬಂದಾಗ ಅತಿ ಹೆಚ್ಚು ಪಶ್ಚಾತ್ತಾಪ ತರುವ ಮಾತೂ ಅದೇ.

ನಿಯಮ ಬದಲಾದಾಗ ಯಾರಿಗೆ ಏಟು ಬಿತ್ತು

2021ರಲ್ಲಿ ಕೋವಿಡ್ ಕಾರಣಕ್ಕೆ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು. ಆ ವರ್ಷ ರ‍್ಯಾಂಕಿಗೆ ಸಿಇಟಿ ಅಂಕ ಮಾತ್ರ. ಮೇಲಿನ ಲೆಕ್ಕದ ಇಬ್ಬರು ಆ ವರ್ಷ ಬರೆದಿದ್ದರೆ ಒಬ್ಬಳಿಗೆ 40, ಇನ್ನೊಬ್ಬನಿಗೆ 60. ಒಂದೂವರೆ ಪಾಯಿಂಟಿನ ಅಂತರ 20 ಆಗುತ್ತಿತ್ತು. ಬಾಯಿಪಾಠ ಚೆನ್ನಾಗಿ ಮಾಡಿ, ದೀರ್ಘ ಉತ್ತರ ಅಚ್ಚುಕಟ್ಟಾಗಿ ಬರೆದು ಅಂಕ ತರುವ ಮಕ್ಕಳಿಗೆ ಅಂಥ ವರ್ಷದಲ್ಲಿ ಆಸರೆ ಇರುವುದಿಲ್ಲ. ವೇಗದ ಅಭ್ಯಾಸಕ್ಕೆ ಕೋಚಿಂಗ್ ಸಿಕ್ಕವರಿಗೆ ಅನುಕೂಲ ಹೆಚ್ಚು.

ಮರುವರ್ಷ 2022ರಲ್ಲಿ ಹೊಸಬರಿಗೆ 50:50 ಮರಳಿತು. ಹಿಂದಿನ ವರ್ಷ ಪಿಯು ಮುಗಿಸಿ ಮತ್ತೆ ಸಿಇಟಿ ಬರೆದವರಿಗೆ ಮಾತ್ರ ಬರೀ ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಡಲಾಯಿತು. ಪರೀಕ್ಷೆ ಬರೆಯದೇ ಬಂದ ಅವರ ಪಿಯು ಅಂಕಗಳನ್ನು ಹೊಸಬರ ಅಂಕಗಳ ಜತೆ ಹೇಗೆ ಹೋಲಿಸುವುದು ಎಂಬ ಪ್ರಶ್ನೆ ಹೈಕೋರ್ಟಿಗೆ ಹೋಯಿತು. ಆ ಸೆಪ್ಟೆಂಬರಿನಲ್ಲಿ ಅವರ ಪಿಯು ಅಂಕದಲ್ಲಿ ಸ್ವಲ್ಪ ಕಡಿತ ಮಾಡಿ ಪರಿಗಣಿಸುವ ಸೂತ್ರದಿಂದ ವ್ಯಾಜ್ಯ ಬಗೆಹರಿದು ರ‍್ಯಾಂಕ್ ಪಟ್ಟಿ ಮತ್ತೆ ಬಂತು. ಒಂದು ವರ್ಷ ಬಿಟ್ಟು ಮತ್ತೆ ಬರೆಯುತ್ತೇನೆ ಎನ್ನುವವರು ಈ ಪ್ರಸಂಗ ಮರೆಯಬಾರದು. ನಿಯಮ ಒಂದು ಬ್ಯಾಚಿಗೆ ಒಂದು ರೀತಿ, ಮತ್ತೊಂದಕ್ಕೆ ಇನ್ನೊಂದು ರೀತಿ ಆಗಿಬಿಡುವ ಸಾಧ್ಯತೆ ಮರು ಪ್ರಯತ್ನ ಮಾಡುವವರ ತಲೆ ಮೇಲೇ ಇರುತ್ತದೆ.

2024ರ ಸಿಇಟಿಯಲ್ಲಿ ಇನ್ನೊಂದು ಬಗೆಯ ತೊಂದರೆ. ಪಿಯು ಪಠ್ಯದಿಂದ ಕೈಬಿಟ್ಟ ಭಾಗಗಳ ಮೇಲೆ ಪ್ರಶ್ನೆಗಳು ಬಂದವು. ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ತೆಗೆಯಲಾಯಿತು. ಉಳಿದ ಪ್ರಶ್ನೆಗಳ ಬೆಲೆ ತಾನಾಗಿ ಏರಿತು. ಹಳೆಯ ಗೈಡು, ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಓದುವವರು ಮೊದಲು ಈಗಿನ ಪಠ್ಯಕ್ರಮದ ಜತೆ ಅಧ್ಯಾಯಗಳನ್ನು ತಾಳೆ ನೋಡಬೇಕು.

ವೈದ್ಯಕೀಯದ ಬದಲಾವಣೆ ಇವೆಲ್ಲಕ್ಕಿಂತ ದೊಡ್ಡದು. 2016ರವರೆಗೂ ರಾಜ್ಯದ ಸರ್ಕಾರಿ ವೈದ್ಯ ಸೀಟಿಗೆ ಸಿಇಟಿಯೇ ದಾರಿ. 2017ರಿಂದ ಎಲ್ಲವೂ ರಾಷ್ಟ್ರಮಟ್ಟದ ನೀಟ್ ಪರೀಕ್ಷೆ. ಒಂದೇ ತಯಾರಿಯಲ್ಲಿ ಎರಡೂ ಸೀಟಿಗೆ ಪ್ರಯತ್ನಿಸುತ್ತಿದ್ದ ಪಿಸಿಎಂಬಿ ವಿದ್ಯಾರ್ಥಿ ಅಲ್ಲಿಂದ ಎರಡು ಬೇರೆ ಪರೀಕ್ಷೆಗೆ ಸಿದ್ಧನಾಗಬೇಕಾಯಿತು. ಪಿಸಿಎಂಬಿ ಭಾರ ಎನಿಸತೊಡಗಿದ್ದಕ್ಕೆ, ‘ಒಂದೋ ನೀಟ್, ಒಂದೋ ಸಿಇಟಿ’ ಎಂದು ಕಾಲೇಜುಗಳೇ ಬ್ಯಾಚ್ ಬೇರೆ ಮಾಡತೊಡಗಿದ್ದಕ್ಕೆ ಇದು ಮುಖ್ಯ ಕಾರಣ.

ನಾಲ್ಕನೇ ವಿಷಯದ ನಿಜವಾದ ಬೆಲೆ

ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಬೇಕು, ಆದ್ದರಿಂದ ಪಿಸಿಎಂಸಿ ತೆಗೆದುಕೊಳ್ಳುತ್ತೇನೆ ಎಂಬುದು ಪ್ರತಿ ವರ್ಷ ಕೇಳಿಬರುವ ಮಾತು. ಸಿಇಟಿಯಲ್ಲಿ ಕಂಪ್ಯೂಟರ್ ಪತ್ರಿಕೆಯೇ ಇಲ್ಲ. ರ‍್ಯಾಂಕಿಗೆ ಪಿಯುವಿನ ಕಂಪ್ಯೂಟರ್ ಅಂಕವೂ ಸೇರುವುದಿಲ್ಲ. ಪಿಸಿಎಂಬಿ ಓದಿದವರಿಗೂ ಪಿಸಿಎಂಇ (ನಾಲ್ಕನೆಯದು ಎಲೆಕ್ಟ್ರಾನಿಕ್ಸ್) ಓದಿದವರಿಗೂ ಆ ಸೀಟು ಅಷ್ಟೇ ತೆರೆದಿದೆ. ಎಂಜಿನಿಯರಿಂಗ್ ಅರ್ಹತೆಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಮುಂತಾದವುಗಳಲ್ಲಿ ಒಂದರ ಅಂಕವನ್ನು ಅರ್ಹತೆಯ ಲೆಕ್ಕಕ್ಕೆ ಹಿಡಿಯಬಹುದು. ರಸಾಯನಶಾಸ್ತ್ರದಲ್ಲಿ ಕಡಿಮೆ ಬಂದವರಿಗೆ ಅರ್ಹತೆಯ ಗೆರೆ ದಾಟಲು ನಾಲ್ಕನೇ ವಿಷಯ ಅಲ್ಲಿ ನೆರವಾಗುತ್ತದೆ. ರ‍್ಯಾಂಕ್ ಮಾತ್ರ ಪಿಸಿಎಂ ಮೇಲೇ.

ಹಾಗಾದರೆ ಪಿಸಿಎಂಸಿ ಏಕೆ ತೆಗೆದುಕೊಳ್ಳಬೇಕು? ಹೊರೆ ಕಡಿಮೆ ಎಂಬ ಕಾರಣಕ್ಕೆ. ಜೀವಶಾಸ್ತ್ರದ ಪಠ್ಯ ದೊಡ್ಡದು, ಚಿತ್ರ, ಹೆಸರು, ವರ್ಗೀಕರಣ ಎಲ್ಲ ನೆನಪಿನಲ್ಲಿಡಬೇಕು. ವೈದ್ಯಕೀಯ, ಪಶುವೈದ್ಯ, ಕೃಷಿ ಯಾವುದೂ ಬೇಡ ಎಂದು ಖಚಿತವಿರುವ ವಿದ್ಯಾರ್ಥಿ ಆ ಸಮಯವನ್ನು ಗಣಿತಕ್ಕೆ ಕೊಟ್ಟರೆ ಸಿಇಟಿಯಲ್ಲಿ ಲಾಭ. ಬಿಸಿಎ ಅಥವಾ ಕಂಪ್ಯೂಟರ್ ಪದವಿಗೆ ಹೋಗುವವರಿಗೂ ಬುನಾದಿ ಸಿಗುತ್ತದೆ.

ಖಚಿತವಿಲ್ಲದವರಿಗೆ ನಮ್ಮ ಸಲಹೆ ಪಿಸಿಎಂಬಿ. ಜೀವಶಾಸ್ತ್ರ ಬಿಟ್ಟ ಕೂಡಲೇ ಮುಚ್ಚುವ ಬಾಗಿಲುಗಳಲ್ಲಿ ಹಲವು ಇದೇ ಮೂರು ಜಿಲ್ಲೆಗಳಲ್ಲಿವೆ. ಬೀದರಿನ ನಂದಿನಗರದಲ್ಲಿ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವೇ ಇದೆ, ಪಶುವೈದ್ಯಕೀಯ ಕಾಲೇಜಿದೆ, ಊರಲ್ಲೇ ತೋಟಗಾರಿಕೆ ಕಾಲೇಜೂ ಇದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜುಗಳು ಕಲಬುರಗಿಯಲ್ಲಿ, ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯಲ್ಲಿ ಇವೆ. ಪಶುವೈದ್ಯ, ಕೃಷಿ ಕೋರ್ಸುಗಳ ರಾಜ್ಯ ಸೀಟಿಗೆ ಸಿಇಟಿಯೇ ದಾರಿ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ತೊಗರಿ ಹೊಲದಲ್ಲಿ ಬೆಳೆದ ಮಗುವಿಗೆ ಆ ಪರೀಕ್ಷೆ ಹೊಸದೇನಲ್ಲ. ಬಿಎಸ್ಸಿ ನರ್ಸಿಂಗ್ ಪ್ರವೇಶವೂ ಈಗ ಸಿಇಟಿ ಮೂಲಕ, ಅದಕ್ಕೂ ಜೀವಶಾಸ್ತ್ರ ಬೇಕು. ಬಿ.ಫಾರ್ಮಾಗೆ ಭೌತ, ರಸಾಯನದ ಜತೆ ಗಣಿತ ಅಥವಾ ಜೀವಶಾಸ್ತ್ರ ಇದ್ದರೆ ಸಾಕು. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಮನೆಗಳಲ್ಲಿ ಈ ಪಟ್ಟಿ ಕೈಯಲ್ಲಿ ಹಿಡಿದು ಮಾತಾಡಿ. ಹತ್ತಿರದಲ್ಲೇ ಇರುವ ಸೀಟು ಬರೀ ಒಂದು ವಿಷಯ ಓದದ ಕಾರಣಕ್ಕೆ ತಪ್ಪಬಾರದು.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹೆಣಗಾಡಿದ ಮಗುವಿಗೆ ಮಾತ್ರ ಈ ಸಲಹೆ ಒಪ್ಪುವುದಿಲ್ಲ. ನಾಲ್ಕು ಭಾರದ ವಿಷಯ ಒಟ್ಟಿಗೆ ಹೊತ್ತು ನಾಲ್ಕರಲ್ಲೂ ಅರೆಬರೆ ಆಗುವುದಕ್ಕಿಂತ, ಕಾಲೇಜಿನಲ್ಲಿ ಗಣಿತವಿಲ್ಲದ ಪಿಸಿಬಿ ಸಂಯೋಜನೆ ಇದ್ದರೆ ಅದನ್ನು, ಇಲ್ಲವೇ ವಾಣಿಜ್ಯವನ್ನು ಧೈರ್ಯವಾಗಿ ಆರಿಸಬೇಕು.

ನೀಟ್, ಜೆಇಇ: ಪಿಯು ಅಂಕ ಬಾಗಿಲವರೆಗೆ ಮಾತ್ರ

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಇದರಲ್ಲಿ ಜೀವಶಾಸ್ತ್ರವೊಂದೇ 360. ಪಿಯು ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಪಿಸಿಬಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಇದ್ದರೆ ಅರ್ಹತೆ. 300ಕ್ಕೆ 150 ಅಥವಾ 120. ಇಷ್ಟು ಬಂದ ಮೇಲೆ ಪಿಯುನಲ್ಲಿ ಶೇ 60 ಬಂದವರೂ ಶೇ 98 ಬಂದವರೂ ನೀಟ್ ಪಟ್ಟಿಯ ಮುಂದೆ ಒಂದೇ.

ಇಲ್ಲಿ ಒಂದು ಅಪಾಯವಿದೆ. ‘ನೀಟ್‌ಗೆ ಪಿಯು ಅಂಕ ಬೇಡ’ ಎಂದು ಕಾಲೇಜಿನ ಪಾಠವನ್ನು ಪೂರ್ತಿ ಬಿಟ್ಟು ಕೋಚಿಂಗ್ ಒಂದನ್ನೇ ಹಿಡಿದವರಿಗೆ ನೀಟ್ ಕೈಕೊಟ್ಟರೆ, ಎರಡನೇ ಆಯ್ಕೆಯಾದ ಕೃಷಿ, ಎಂಜಿನಿಯರಿಂಗ್ ರ‍್ಯಾಂಕ್ ಕುಸಿಯುತ್ತದೆ, ಏಕೆಂದರೆ ಅಲ್ಲಿ ಪಿಯು ಅಂಕಕ್ಕೆ ತೂಕವಿದೆ. ವೈದ್ಯ ಸೀಟು ಬೇಕೆನ್ನುವ ಎಲ್ಲರಿಗೂ ಸಿಗುವುದಿಲ್ಲ ಎಂಬುದು ಗೊತ್ತಿರುವ ಸತ್ಯ. ಆದ್ದರಿಂದ ಎರಡನೇ ದಾರಿಯ ಅಂಕಗಳನ್ನು ಮೊದಲ ದಿನದಿಂದಲೇ ಕಾಪಾಡಿಕೊಳ್ಳಬೇಕು.

ಉತ್ತರಿಸುವ ಅಭ್ಯಾಸದಲ್ಲೂ ಎಡವಟ್ಟಾಗುತ್ತದೆ. ನೀಟ್ ತಯಾರಿಯಲ್ಲಿ ‘ಗೊತ್ತಿಲ್ಲದ್ದು ಬಿಡು’ ಎಂದು ಕಲಿತ ಕೈ, ಸಿಇಟಿಯಲ್ಲೂ ಓಎಂಆರ್ ಹಾಳೆಯಲ್ಲಿ ವೃತ್ತಗಳನ್ನು ಖಾಲಿ ಬಿಡುತ್ತದೆ. ಸಿಇಟಿಯಲ್ಲಿ ಕಡಿತವಿಲ್ಲ. ಒಬ್ಬರು 20 ಪ್ರಶ್ನೆ ಖಾಲಿ ಬಿಟ್ಟರು ಎನ್ನಿ. ಕಣ್ಣುಮುಚ್ಚಿ ತುಂಬಿದ್ದರೂ ನಾಲ್ಕರಲ್ಲಿ ಒಂದರಂತೆ ಸರಾಸರಿ 5 ಸರಿಯಾಗುತ್ತಿತ್ತು. ಅದು 1.39 ಪಾಯಿಂಟ್, ಪಿಯುವಿನ 8 ಅಂಕಕ್ಕಿಂತ ಹೆಚ್ಚು. ಕೊನೆಯ 5 ನಿಮಿಷ ಖಾಲಿ ವೃತ್ತಗಳಿಗೆಂದೇ ಮೀಸಲಿಡಿ.

ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪರೀಕ್ಷೆ ಜೆಇಇ ಮೇನ್ ಮೂಲಕ ಸುರತ್ಕಲ್‌ನಲ್ಲಿರುವಂಥ ಎನ್‌ಐಟಿಗೆ (ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆ) ಹೋಗುವವರಿಗೆ ಮತ್ತೊಂದು ನಿಯಮ. ಹನ್ನೆರಡನೇ ತರಗತಿಯಲ್ಲಿ ಶೇ 75, ಪರಿಶಿಷ್ಟರಿಗೆ ಶೇ 65, ಅಥವಾ ಆಯಾ ಮಂಡಳಿಯ ಮೇಲಿನ ಶೇ 20ರೊಳಗೆ ಇರಬೇಕು. ಈ ಲೆಕ್ಕದಲ್ಲಿ ಭಾಷೆಯ ಅಂಕವೂ ಸೇರುತ್ತದೆ. ಕನ್ನಡ, ಇಂಗ್ಲಿಷ್ ಪುಸ್ತಕವನ್ನು ಪರೀಕ್ಷೆಯ ಹಿಂದಿನ ರಾತ್ರಿ ತೆರೆಯುವವರು ಇದನ್ನು ಗಮನಿಸಲಿ.

ಪಾಸಾಗುವುದು ಸುಲಭವಾಯಿತು, ಸೀಟು ಸುಲಭವಾಗಲಿಲ್ಲ

2024ರಿಂದ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. 2025-26ರಿಂದ ಉತ್ತೀರ್ಣತೆಯ ಗೆರೆಯೂ ಇಳಿದಿದೆ. 600ಕ್ಕೆ 198, ಅಂದರೆ ಶೇ 33 ಬಂದು, ಪ್ರತಿ ವಿಷಯದಲ್ಲಿ ಕನಿಷ್ಠ 30 ಇದ್ದರೆ ಪಾಸು. 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಶೇ 48.45ರೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿದ್ದ ಯಾದಗಿರಿಗೆ ಈ ಎರಡೂ ಬದಲಾವಣೆ ನಿಜಕ್ಕೂ ದೊಡ್ಡ ಆಸರೆ. ಒಂದು ವಿಷಯದಲ್ಲಿ ಎಡವಿದ ಮಗು ಅದೇ ವರ್ಷ ಎದ್ದು ನಿಲ್ಲಬಹುದು.

ಆದರೆ ಎಂಜಿನಿಯರಿಂಗ್ ಅರ್ಹತೆಯ ಗೆರೆ ಇಳಿದಿಲ್ಲ. ಸಾಮಾನ್ಯ ವರ್ಗಕ್ಕೆ ಮೂರು ವಿಷಯ ಸೇರಿ ಶೇ 45, ಅಂದರೆ 300ಕ್ಕೆ 135. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಕ್ಕೆ ಶೇ 40, ಅಂದರೆ 120. ಮೂರೂ ವಿಷಯದಲ್ಲಿ 35-35 ತೆಗೆದು ಪಾಸಾದವರ ಒಟ್ಟು 105. ಸಿಇಟಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೂ ರ‍್ಯಾಂಕ್ ಸಿಗುವುದಿಲ್ಲ. ಪಾಸಾಯಿತೆಂದು ಸುಮ್ಮನಾಗದೆ ಎರಡನೇ ಪರೀಕ್ಷೆಗೆ ಕಟ್ಟಿ ಆ 30 ಅಂಕ ಹೆಚ್ಚಿಸಿಕೊಳ್ಳುವುದು ಬುದ್ಧಿವಂತಿಕೆ. ಯಾವ ಪರೀಕ್ಷೆಯ ಅಂಕವನ್ನು ಯಾವ ದಿನಾಂಕದೊಳಗೆ ರ‍್ಯಾಂಕಿಗೆ ಹಿಡಿಯುತ್ತಾರೆ ಎಂಬುದನ್ನು ಪ್ರಾಧಿಕಾರ ಪ್ರತಿ ವರ್ಷ ಪ್ರಕಟಿಸುತ್ತದೆ. ಆ ಪ್ರಕಟಣೆಯನ್ನು ವಾಟ್ಸ್ಆ್ಯಪ್ ಫಾರ್ವರ್ಡಿನಲ್ಲಿ ನೋಡಿ ನಂಬದೆ ಜಾಲತಾಣದಲ್ಲೇ ಓದಿ.

ಗಡಿ ದಾಟಿ ಓದುವವರು

ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆಯಿಂದ ಲಾತೂರಿಗೆ, ಬೀದರ್, ಚಿಂಚೋಳಿ, ಗುರುಮಠಕಲ್ ಕಡೆಯಿಂದ ಹೈದರಾಬಾದಿಗೆ ಹೋಗಿ ಹನ್ನೊಂದು, ಹನ್ನೆರಡು ಓದುವುದು ಹಿಂದಿನಿಂದಲೂ ಇದೆ. ಅಲ್ಲಿ ವಿಷಯ ಸಂಯೋಜನೆಯೂ ಅಂಕದ ಲೆಕ್ಕವೂ ಬೇರೆ.

ತೆಲಂಗಾಣದ ಇಂಟರ್‌ಮೀಡಿಯೆಟ್‌ನಲ್ಲಿ ಎಂಪಿಸಿ (ಗಣಿತ, ಭೌತ, ರಸಾಯನ), ಬೈಪಿಸಿ (ಜೀವ, ಭೌತ, ರಸಾಯನ) ಎಂಬ ಎರಡು ಗುಂಪುಗಳೇ ಪ್ರಧಾನ. ಬೈಪಿಸಿಯಲ್ಲಿ ಗಣಿತವಿಲ್ಲ, ಎಂಪಿಸಿಯಲ್ಲಿ ಜೀವಶಾಸ್ತ್ರವಿಲ್ಲ. ನಮ್ಮ ಪಿಸಿಎಂಬಿಯ ಹಾಗೆ ಎರಡನ್ನೂ ಒಟ್ಟಿಗೆ ಓದುವ ರೂಢಿ ಅಲ್ಲಿಲ್ಲ. ವೈದ್ಯ ಆಗಬೇಕೆಂದು ಬೈಪಿಸಿ ಸೇರಿದವರಿಗೆ ನೀಟ್ ಆಗದಿದ್ದರೆ ಕರ್ನಾಟಕದ ಎಂಜಿನಿಯರಿಂಗ್ ಸೀಟಿಗೆ ಹಿಂತಿರುಗಲು ದಾರಿಯಿಲ್ಲ. ಇನ್ನು ತೂಕದ ಮಾತು. ತೆಲಂಗಾಣದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ಇಂಟರ್ ಅಂಕಕ್ಕಿದ್ದ ಶೇ 25 ತೂಕವನ್ನು 2023ರಲ್ಲಿ ಕಾಯಂ ಆಗಿ ತೆಗೆದರು. ಮಹಾರಾಷ್ಟ್ರದ ಸಿಇಟಿಯಲ್ಲೂ ಹನ್ನೆರಡನೇ ತರಗತಿಯ ಅಂಕ ಅರ್ಹತೆಗೆ ಮಾತ್ರ, ಅಲ್ಲಿ ಗಣಿತಕ್ಕೆ 100 ಅಂಕ, ಭೌತ ಮತ್ತು ರಸಾಯನಕ್ಕೆ ತಲಾ 50. ಆ ಊರುಗಳ ಕಾಲೇಜುಗಳು ಆ ಪರೀಕ್ಷೆಗೆ ತಕ್ಕಂತೆ ಪಾಠ ಮಾಡುತ್ತವೆ. ಅಲ್ಲಿ ಓದಿ ಇಲ್ಲಿ ಸೀಟು ಕೇಳುವ ವಿದ್ಯಾರ್ಥಿಗೆ ಮಾತ್ರ ಬೋರ್ಡ್ ಅಂಕವೂ ಅರ್ಧ ತೂಗುತ್ತದೆ. ಅದನ್ನು ಅಲ್ಲಿನ ಅಧ್ಯಾಪಕರು ನೆನಪಿಸುವುದಿಲ್ಲ, ಮನೆಯವರೇ ನೆನಪಿಸಬೇಕು.

ಸಿಇಟಿ ಅರ್ಹತೆಗೆ ಸಾಮಾನ್ಯ ದಾರಿ ಎಂದರೆ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿ, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯು ಇಲ್ಲೇ ಪಾಸಾಗಿರುವುದು. ಆದ್ದರಿಂದ ಹತ್ತನೇ ತರಗತಿ ಇಲ್ಲೇ ಮುಗಿಸಿ ಹೋದವರಿಗೆ ತೊಂದರೆಯಿಲ್ಲ. ಎಂಟನೇ ತರಗತಿಗೇ ಗಡಿ ದಾಟಿದವರು ಮೊದಲು ಈ ನಿಯಮ ನೋಡಿಕೊಳ್ಳಬೇಕು. ಹೊರ ಮಂಡಳಿಯವರು, ಸಿಬಿಎಸ್‌ಇಯವರೂ ಸೇರಿ, ತಮ್ಮ ಹನ್ನೆರಡನೇ ತರಗತಿ ಅಂಕಗಳನ್ನು ಪ್ರಾಧಿಕಾರದ ಪೋರ್ಟಲ್‌ನಲ್ಲಿ ತಾವೇ ದಾಖಲಿಸಬೇಕಾಗುತ್ತದೆ. ಅಂಕ ದಾಖಲಿಸದಿದ್ದರೆ ರ‍್ಯಾಂಕ್ ತಡೆಹಿಡಿಯಲಾಗುತ್ತದೆ.

371ಜೆ ಬದಲಿಸುವ ಲೆಕ್ಕ

2012ರ 98ನೇ ತಿದ್ದುಪಡಿಯಿಂದ ಬಂದ ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ 70 ಸೀಟು ಇಲ್ಲಿನ ಸ್ಥಳೀಯರಿಗೆ, ಹೊರಗಿನ ರಾಜ್ಯ ಮಟ್ಟದ ಸಂಸ್ಥೆಗಳಲ್ಲಿ ಶೇ 8. ಇದರ ಪರಿಣಾಮ ನೋಡಲು ಪ್ರಾಧಿಕಾರದ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ತೆರೆಯಿರಿ. ಎಂಜಿನಿಯರಿಂಗ್‌ಗೆ ಎರಡು ಕಡತ ಇರುತ್ತವೆ, ಒಂದು ಸಾಮಾನ್ಯ, ಇನ್ನೊಂದು ಹೈದರಾಬಾದ್ ಕರ್ನಾಟಕದ್ದು (ಕಲ್ಯಾಣ ಕರ್ನಾಟಕದ ಹಳೆಯ ಹೆಸರು). ಎರಡರಲ್ಲೂ ಜಿಎಂ (ಸಾಮಾನ್ಯ ವರ್ಗ), 2ಎ, 3ಬಿ (ಹಿಂದುಳಿದ ವರ್ಗಗಳು) ಮುಂತಾದ ಕಾಲಂ, ಅವುಗಳ ಕೊನೆಯಲ್ಲಿ ಗ್ರಾಮೀಣಕ್ಕೆ ಆರ್, ಕನ್ನಡ ಮಾಧ್ಯಮಕ್ಕೆ ಕೆ. ಕಲಬುರಗಿಯ ಪಿಡಿಎ ಕಾಲೇಜಿನದೋ ಭಾಲ್ಕಿಯ ಕಾಲೇಜಿನದೋ ಒಂದು ಬ್ರ್ಯಾಂಚ್ ಹಿಡಿದು, ನಿಮಗೆ ಅನ್ವಯಿಸುವ ಕಾಲಂನ ಕೊನೆಯ ರ‍್ಯಾಂಕನ್ನು ಎರಡೂ ಕಡತದಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ಮೂರು ವರ್ಷದ್ದು ಬರೆದರೆ ಅಂದಾಜು ಗಟ್ಟಿಯಾಗುತ್ತದೆ. ಬೆಂಗಳೂರಿನ ಕಟ್‌ಆಫ್ ನೋಡಿ ‘ನಮ್ಮಿಂದ ಆಗದು’ ಎಂದು ವಿಜ್ಞಾನವನ್ನೇ ಬಿಡುವ ಮಕ್ಕಳು ನೋಡಬೇಕಾದ್ದು ಈ ಎರಡನೇ ಕಡತ.

ಕಲೆ, ವಾಣಿಜ್ಯದವರಿಗೆ

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿಗೆ ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಬರೆಯಬೇಕು. 2025ರಿಂದ ಅದು ಪೂರ್ತಿ ಕಂಪ್ಯೂಟರಿನಲ್ಲಿ, ಗರಿಷ್ಠ 5 ವಿಷಯ, ಪ್ರತಿ ವಿಷಯಕ್ಕೆ 50 ಕಡ್ಡಾಯ ಪ್ರಶ್ನೆ, 60 ನಿಮಿಷ, ಸರಿಗೆ 5, ತಪ್ಪಿಗೆ 1 ಕಡಿತ. ಪಿಯುನಲ್ಲಿ ಓದದ ವಿಷಯವನ್ನೂ ಆರಿಸಬಹುದು ಎಂಬುದು ದೊಡ್ಡ ಬದಲಾವಣೆ. ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿದವರು ಬೇರೆ ವಿಭಾಗಕ್ಕೆ, ವಿಜ್ಞಾನದವರು ಅರ್ಥಶಾಸ್ತ್ರಕ್ಕೆ ಪ್ರಯತ್ನಿಸಬಹುದು, ಆಯಾ ಕೋರ್ಸು ಕೇಳುವ ವಿಷಯಗಳ ಪಟ್ಟಿ ನೋಡಿಕೊಂಡು. ಭಾಷಾ ಪತ್ರಿಕೆಯಾಗಿ ಕನ್ನಡವೂ ಇದೆ. ಅದೇ ವೇಳೆ ವಿಷಯಗಳ ಸಂಖ್ಯೆ 63ರಿಂದ 37ಕ್ಕೆ ಇಳಿದಿದೆ. ಪತ್ರಿಕೆ ರದ್ದಾದ ವಿಷಯದವರು ಸಾಮಾನ್ಯ ಸಾಮರ್ಥ್ಯ ಪರೀಕ್ಷೆ ಬರೆಯಬೇಕು. ರಾಜ್ಯದ ವಿಶ್ವವಿದ್ಯಾಲಯಗಳ ಬಿಎ, ಬಿಕಾಂಗೆ ಮಾತ್ರ ಪಿಯು ಅಂಕವೇ ಆಧಾರ. ಆದ್ದರಿಂದ ಇಲ್ಲಿ ಆರೂ ವಿಷಯದ ಅಂಕಕ್ಕೆ ಬೆಲೆ ಇದೆ. ವಾಣಿಜ್ಯದಲ್ಲಿ ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ಸಿಗುವ ಕಾಲೇಜಿದ್ದರೆ, ಲೆಕ್ಕದಲ್ಲಿ ಆಸಕ್ತಿಯಿರುವವರು ಇತಿಹಾಸದ ಬದಲು ಅದನ್ನು ಆರಿಸುವುದು ಒಳ್ಳೆಯದು. ಮುಂದೆ ದಾರಿಗಳು ಹೆಚ್ಚು.

ದಾಖಲಾತಿ ತಿಂಗಳಲ್ಲೇ ಮುಗಿಸಬೇಕಾದ ಕೆಲಸ

ತರಗತಿ ಶುರುವಾದ ಮೊದಲ ಮೂರು ವಾರ ವಿಷಯವನ್ನು ಪರೀಕ್ಷಿಸಿ ನೋಡುವ ಕಾಲ. ಗಣಿತದ ಮೊದಲ ಎರಡು ಅಧ್ಯಾಯದ ಅಭ್ಯಾಸಗಳನ್ನು ಉತ್ತರ ನೋಡದೆ ಬಿಡಿಸಿ, ಅರ್ಧಕ್ಕಿಂತ ಹೆಚ್ಚು ಕೈಗೆ ಹತ್ತದಿದ್ದರೆ ಉಪನ್ಯಾಸಕರ ಜತೆ ಕುಳಿತು ಮಾತಾಡಿ. ಕಾಂಬಿನೇಷನ್ ಬದಲಿಸಲು ಪ್ರಥಮ ಪಿಯು ದಾಖಲಾತಿ ಅವಧಿಯಲ್ಲಿ ಪ್ರಾಚಾರ್ಯರಿಗೆ ಅರ್ಜಿ ಕೊಟ್ಟರೆ ಆಗುತ್ತದೆ. ದ್ವಿತೀಯ ವರ್ಷದಲ್ಲಿ ಹೊಸ ವಿಷಯ ಸೇರಿಸಲು ಬರುವುದಿಲ್ಲ, ಪ್ರಥಮ ವರ್ಷದಲ್ಲಿ ಅದನ್ನು ಓದಿ ಪಾಸಾಗಿರಬೇಕಲ್ಲ. ಹಾಜರಿ ಶೇ 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೇ ತೊಂದರೆ, ಇದನ್ನು ಹೊರಗಿನ ಕೋಚಿಂಗಿಗೆ ಹಣ ಕಟ್ಟುವ ಮೊದಲೇ ಯೋಚಿಸಿ.

ಕಾಗದಪತ್ರವನ್ನೂ ಆಗಲೇ ಶುರುಮಾಡಿ. 371ಜೆ ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು. ಕಲಬುರಗಿ ಜಿಲ್ಲೆಯಲ್ಲಿ ಕಲಬುರಗಿ, ಸೇಡಂ ಎಂದು ಎರಡು ಉಪವಿಭಾಗ, ಬೀದರಿನಲ್ಲಿ ಬೀದರ್, ಬಸವಕಲ್ಯಾಣ, ಯಾದಗಿರಿಗೆ ಒಂದೇ. ನಿಮ್ಮ ತಾಲ್ಲೂಕು ಯಾವುದರಡಿ ಬರುತ್ತದೆ ಎಂದು ನಾಡಕಚೇರಿಯಲ್ಲೇ ಕೇಳಿಕೊಳ್ಳಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಎರಡು ಮೂರು ಶಾಲೆಯಲ್ಲಿ ಓದಿದ್ದರೆ ಪ್ರತಿ ಶಾಲೆಯಿಂದಲೂ ಬೇರೆ ಬೇರೆ ಪತ್ರ. ಎಲ್ಲ ಪತ್ರಗಳನ್ನೂ ಹಿಡಿದು ನೋಡುವಾಗ ಹೆಸರಿನ ಕಾಗುಣಿತ, ಇನಿಷಿಯಲ್, ತಂದೆಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದ ಹಾಗೇ ಇವೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ತಿದ್ದಿಸಲು ತಿಂಗಳುಗಳೇ ಹಿಡಿಯುತ್ತವೆ. ಜಾತಿ ಪತ್ರ, 371ಜೆ ಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು (ಪ್ರಮಾಣಪತ್ರದ ಕ್ರಮಸಂಖ್ಯೆ) ಸಿಇಟಿ ಅರ್ಜಿಯಲ್ಲಿ ಟೈಪ್ ಮಾಡಬೇಕಾಗುತ್ತದೆ. ಆ ಸಂಖ್ಯೆಗಳ ಫೋಟೊ ತಂದೆ, ತಾಯಿ ಇಬ್ಬರ ಮೊಬೈಲಿನಲ್ಲೂ ಇರಲಿ.